ದೀಪ ಇಳಿಸದ ಹಗೇವು

ಶಾರವ್ವನನ್ನು ಹಗೇವಿಗೆ ಇಳಿಸುವ ಮುಂಚೆ ದೀಪ ಇಳಿಸಿ ನೋಡಲಿಲ್ಲ. ಆಕೆಗೆ ಹದಿನೈದು ವರ್ಷ. ಹಗ್ಗ ಜಗ್ಗಿ ಮೇಲೆ ತಂದಾಗ ಉಸಿರು ಇರಲಿಲ್ಲ. ಊರ ದಫ್ತರದಲ್ಲಿ, ಮೂರ್ಛೆರೋಗದಿಂದ ಸತ್ತಳು ಎಂದು ಬರೆದರು.

ಅದು ೧೯೪೪ನೆಯ ಇಸವಿ, ಪುಷ್ಯ ಮಾಸ. ಆಡೂರಿನಿಂದ ಒಂದು ಹರಿದಾರಿ ದೂರದ ಹಳ್ಳಿ. ಯುದ್ಧದ ಕಾಲವಾದ್ದರಿಂದ ಸರಕಾರ ಮನೆಮನೆಯ ಜೋಳ ಅಳೆದು ಲೆವಿ ಎತ್ತುತ್ತಿತ್ತು. ಗೌಡಿಕೆಯ ಮನೆಯ ಕರಿಬಸಪ್ಪ ದನದ ಕೊಟ್ಟಿಗೆಯ ನೆಲದಡಿಯಲ್ಲಿ ಗುಟ್ಟಾಗಿ ಒಂದು ಹಗೇವು ತೋಡಿಸಿ, ಜೋಳ ತುಂಬಿಸಿ, ಬಾಯಿಗೆ ಚಪ್ಪಡಿ ಎಳೆದು ಸಗಣಿ ಮಣ್ಣು ಮೆತ್ತಿಸಿದ್ದ. ಶಿಗ್ಗಾವಿಯ ಕಾಳಸಂತೆಯಲ್ಲಿ ಅದಕ್ಕೆ ಗಿರಾಕಿ ಇತ್ತು. ಲೆವಿ ಕಾರಕೂನ ನಾಳೆಯೇ ಬಂದು ನೆಲ ಬಡಿದು ನೋಡುತ್ತಾನೆಂಬ ಸುದ್ದಿ ಬಂದದ್ದರಿಂದ, ರಾತ್ರಿಯೊಳಗೆ ಜೋಳ ಸಾಗಿಸಲು ಮಟಮಟ ಮಧ್ಯಾಹ್ನ ಚಪ್ಪಡಿ ತೆಗೆದರು.

ಬಹಳ ದಿನ ಮುಚ್ಚಿದ ಹಗೇವಿನೊಳಗೆ ಗಾಳಿ ಸತ್ತಿರುತ್ತದೆ. ಈ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಬಾಯಿ ತೆಗೆದು ಒಂದು ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಹಗೇವಿನ ಕೆಲಸದಲ್ಲಿ ಪಳಗಿದ ಹೂವಪ್ಪನನ್ನು ಕರೆಸಿದ್ದರು. ಅವನು ಬಾಯಿಯ ಹತ್ತಿರ ಮುಖ ಒಯ್ದು ಹಿಂದೆ ಸರಿದ.

"ನಾಳಿ ಇಳಿತೇನ್ರಿ ಗೌಡ್ರ. ಇವತ್ತು ಗಾಳಿ ಆಡ್ಲಿ."

"ನಾಳಿ ಕಾರಕೂನ ಬರ್ತಾನಲೇ."

"ಕಾರಕೂನ ಬಂದ್ರ ಜ್ವಾಳ ಹೋಗ್ತೈತ್ರಿ. ಈಗ ಇಳಿದ್ರ ನಾ ಹೋಗ್ತೇನ್ರಿ."

ಹೂವಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಯಾರೂ ತಡೆಯಲಿಲ್ಲ.

ಶಾರವ್ವ ಆಗ ಕೊಟ್ಟಿಗೆಯ ಮೂಲೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಕೂಲಿ ಚೌಡವ್ವನ ಒಬ್ಬಳೇ ಮಗಳು, ಕಡ್ಡಿಯಂಥವಳು. ಹಗೇವಿನ ಬಾಯಿ ಚಿಕ್ಕದು. "ಏ ಹುಡುಗೀ, ಬಾ ಇಲ್ಲೆ," ಎಂದ ಕರಿಬಸಪ್ಪ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಬಂದಳು. ಹೊಸ್ತಿಲು ದಾಟಲು ಬಿಡದ ಜಾತಿಯ ಹುಡುಗಿಯನ್ನು ಆ ಮನೆಯ ನೆಲದೊಳಗೆ ಇಳಿಸಿದರು. ಕೊಟ್ಟಿಗೆಯ ಬಾಗಿಲು ಹಾಕಿದ್ದರಿಂದ ಹಾಡುಹಗಲೇ ಒಳಗೆ ಕತ್ತಲೆ. ಹಗ್ಗ ಹಿಡಿದವನು ಕರಿಬಸಪ್ಪನ ಮಗ ಶಂಕ್ರಪ್ಪ. ಲಾಟೀನು ಹಿಡಿದು ನಿಂತವಳು ಅವನ ಹೆಂಡತಿ ಶಿವಬಸವ್ವ.

ದೀಪ ಅವಳ ಕೈಯಲ್ಲೇ ಇತ್ತು. ಇಳಿಸಿ ನೋಡ್ರಿ ಎನ್ನುವುದಕ್ಕೆ ಎರಡು ಉಸಿರು ಸಾಕಿತ್ತು. ಮಾವನ ಎದುರು ಬಾಯಿ ತೆಗೆದು ಅವಳಿಗೆ ರೂಢಿಯಿರಲಿಲ್ಲ.

*

ಶಿವಬಸವ್ವನ ತವರು ಹಿರೇಕೆರೂರ ತಾಲೂಕಿನ ಅಬಲೂರು. ಏಳನೆಯ ಇಯತ್ತೆ ಮುಗಿಸಿ ಬಂದ ಸೊಸೆ ಎಂದು ಗೌಡಿಕೆಯ ಮನೆಯಲ್ಲಿ ಮೊದಮೊದಲು ನಕ್ಕರು. ಆಮೇಲೆ ಮನೆಯ ಪತ್ರಗಳನ್ನೆಲ್ಲ ಅವಳಿಂದಲೇ ಬರೆಸತೊಡಗಿದರು. ಪೋಣಿಸಿದಂಥ ಅಕ್ಷರ. ಬೀಗರಿಗೆ ಪತ್ರ, ಮಠಕ್ಕೆ ಪತ್ರ, ಮಾಮಲೇದಾರರಿಗೆ ಅರ್ಜಿ.

ಅದೇ ಕೈ ನಾಲ್ಕು ವರ್ಷಗಳಿಂದ ಧಾರವಾಡದ ಒಂದು ಹೆಂಗಸರ ಮಾಸಪತ್ರಿಕೆಗೆ ಲೇಖನ ಬರೆಯುತ್ತಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೇಖನಗಳ ಕೆಳಗೆ "ಹಾನಗಲ್ಲ ಸೀಮೆಯ ಒಬ್ಬಾಕೆ" ಎಂದಿರುತ್ತಿತ್ತು. ಮೈನೆರೆದ ಹುಡುಗಿಯ ಕೈಯಿಂದ ಪಾಟಿ ಕಸಿಯುವ ಬಗ್ಗೆ ಬರೆದಿದ್ದಳು. ಎಲ್ಲರೂ ಉಂಡಮೇಲೆ ಗಡಿಗೆಯ ತಳ ಕೆರೆಯುವವಳ ಬಗ್ಗೆ, ಐದು ತಲೆಮಾರು ಹೆತ್ತರೂ ವಂಶಾವಳಿಯ ಕಾಗದದಲ್ಲಿ ಹೆಸರಿಲ್ಲದವರ ಬಗ್ಗೆ ಬರೆದಿದ್ದಳು. ಬಲ್ಲವರು ಇಬ್ಬರೇ. ಒಬ್ಬಳು ವೀರವ್ವ, ಕರಿಬಸಪ್ಪನ ವಿಧವೆ ತಂಗಿ. ಹಾನಗಲ್ಲಿನಲ್ಲಿ ಸ್ವಂತ ಮನೆ, ಸ್ವಂತ ಹೊಲ, ಸ್ವಂತ ಬಾಯಿ. ಇನ್ನೊಬ್ಬಳು ಸವಣೂರಿನ ಬಳೆಗಾರ್ತಿ ಮಾಸೂಮಾ. ಬಳೆಯ ಮಲಾರದೊಳಗೆ ಲೇಖನ ಇಟ್ಟುಕೊಂಡು ಹೋಗಿ ಸವಣೂರಿನ ಟಪಾಲು ಪೆಟ್ಟಿಗೆಗೆ ಹಾಕುತ್ತಿದ್ದಳು. ಅದು ನವಾಬರ ಸೀಮೆ. ಅಲ್ಲಿಯ ಮುದ್ರೆ ಬಿದ್ದರೆ ಹಾನಗಲ್ಲಿನ ಗೌಡರ ಮನೆಯನ್ನು ಯಾರೂ ನೆನೆಯುವುದಿಲ್ಲ.

ಹೆದರಿಕೆಗೆ ಕಾರಣವಿತ್ತು. ಶಿವಬಸವ್ವ ಮದುವೆಯಾಗಿ ಬಂದ ವರ್ಷ ಕರಿಬಸಪ್ಪ ತನ್ನ ತಮ್ಮನ ಹೆಂಡತಿಯನ್ನು ತವರಿಗೆ ಅಟ್ಟಿದ್ದ. ಎದುರು ಮಾತಾಡಿದ್ದು ಆಕೆಯ ತಪ್ಪು. ಗಾಡಿ ಹೂಡಿಸಿ, ಸೀರೆಯ ಗಂಟು ಇಟ್ಟು, ಮಗನನ್ನು ಮಾತ್ರ ಇಳಿಸಿಕೊಂಡರು. ಆ ಹುಡುಗನಿಗೆ ಈಗ ತಾಯಿಯ ಮುಖ ಗೊತ್ತಿಲ್ಲ. ಶಿವಬಸವ್ವನಿಗೆ ಮೂರು ವರ್ಷದ ಮಗಳಿದ್ದಳು, ಸಿದ್ದವ್ವ. ಮಾವ ಕೆಮ್ಮಿದರೂ ಶಿವಬಸವ್ವನಿಗೆ ಆ ಗಾಡಿಯ ಗಾಲಿ ತಿರುಗಿದ ಸದ್ದು ಕೇಳುತ್ತಿತ್ತು.

ಶಾರವ್ವ ಸತ್ತ ಹದಿನಾರನೆಯ ದಿನ ಚೌಡವ್ವ ಕೆಲಸಕ್ಕೆ ಬಂದಳು. ಬರದಿದ್ದರೆ ಕೂಳಿಲ್ಲ. ಹಿತ್ತಿಲಲ್ಲಿ ಕಸಬರಿಗೆ ಹಿಡಿದು ಬಗ್ಗಿದ್ದವಳ ಹತ್ತಿರ ಶಿವಬಸವ್ವ ಹೋಗಿ ನಿಂತಳು.

"ಯವ್ವಾ," ಎಂದಳು ಚೌಡವ್ವ ತಲೆ ಎತ್ತದೆ, "ನನ್ನ ಮಗಳಿಗೆ ಮೂರ್ಛೆ ರೋಗ ಇರ್ಲಿಲ್ಲ."

"ಗೊತ್ತೈತಿ ಚೌಡವ್ವಾ."

"ನಿಮಗ ಗೊತ್ತೈತಿ. ನಿಮ್ಮ ಕೈಯಾಗ ಲಾಟೀನ ಇತ್ತಂತ. ಹೂವಪ್ಪ ಹೋಗೋ ಮುಂದ ನೋಡ್ಯಾನ."

ಪಡಸಾಲೆಯಲ್ಲಿ ಮಾವನ ಕೆಮ್ಮು ಕೇಳಿಸಿತು. ಶಿವಬಸವ್ವ ತಗ್ಗಿದ ದನಿಯಲ್ಲಿ ಅಂದಳು: "ನಾ ಬರೀಬಲ್ಲೆ. ಪುಸ್ತಕದಾಗ ಹಾಕ್ತಾರ. ಹೆಸರು ಹಾಕೂದಿಲ್ಲ, ಅಂಜಬ್ಯಾಡ."

ಚೌಡವ್ವ ಆಗ ನೆಟ್ಟಗೆ ನಿಂತಳು. "ಯಾರ ಹೆಸರು ಹಾಕೂದಿಲ್ಲ? ನಿಮ್ಮವರದು ಬ್ಯಾಡ್ರಿ, ನಿಮ್ಮ ಸಂಕಟ ನಿಮಗ. ನನ್ನ ಮಗಳದು ಹಾಕ್ರಿ. ದಫ್ತರದಾಗ ಸುಳ್ಳು ಬರೆಯಾಕ ಆಕಿ ಹೆಸರು ಬೇಕಾತು. ಖರೇ ಬರೆಯಾಕ ಬ್ಯಾಡನು?"

ಆ ಮಾತು ಕೇಳಿದ ಮೇಲೆ ಶಿವಬಸವ್ವನಿಗೆ ತನ್ನ ಹಳೆಯ ಲೇಖನಗಳು ನೆನಪಾದವು. ಅವುಗಳಲ್ಲೆಲ್ಲ ಬರುತ್ತಿದ್ದ "ನಾವು ಹೆಂಗಸರು" ಎಂದರೆ ಪಡಸಾಲೆಯ ಒಳಗಿನವರು. ಹಿತ್ತಿಲಿನವರು ಒಂದು ಸಾಲಿನಲ್ಲೂ ಇರಲಿಲ್ಲ.

ಬರೆಯಲು ಒಂಬತ್ತು ದಿನ ಹಿಡಿಯಿತು. ನಸುಕಿನಲ್ಲಿ ರೊಟ್ಟಿಯ ಹಿಟ್ಟು ನಾದುವ ಮುಂಚೆ ನಾಲ್ಕು ಸಾಲು, ಮಗು ಮಲಗಿದ ಮಧ್ಯಾಹ್ನ ಆರು ಸಾಲು. ಹೆಜ್ಜೆ ಸಪ್ಪಳವಾದರೆ ಹಾಳೆ ಹಿಟ್ಟಿನ ಗಡಿಗೆಗೆ. ಒಮ್ಮೆ ಅತ್ತೆ ಹೊನ್ನವ್ವ ತಟ್ಟನೆ ಬಂದು, "ಯಾಕ ಹಂಗ ಬೆವತೀ?" ಎಂದು ಕೇಳಿದಾಗ ಅವಳು ಒಲೆಯ ಮುಂದೆ ಕುಕ್ಕರಿಸಿ ಕಟ್ಟಿಗೆ ಒಳಗೆ ತಳ್ಳಿದಳು. "ಹೊಗಿ ಅತ್ತೀ," ಎಂದಳು.

ಲೇಖನದ ನಡುವೆ ಹೀಗಿತ್ತು:

"ದೀಪಕ್ಕೆ ಎಣ್ಣೆ ಖರ್ಚು, ಹುಡುಗಿಗೆ ಏನೂ ಖರ್ಚಿಲ್ಲ. ಆದ್ದರಿಂದ ಹುಡುಗಿಯನ್ನೇ ಇಳಿಸಿ ನೋಡಿದರು. ಆಕೆಯ ಹೆಸರು ಶಾರವ್ವ. ಗಂಡಾಳು ಆಗುವುದಿಲ್ಲವೆಂದು ಹೋದ. ಹೋಗಲು ಬಿಟ್ಟರು. ಈ ಹುಡುಗಿಯನ್ನು ಆಗುತ್ತದೆಯೇ ಎಂದು ಸಹ ಕೇಳಲಿಲ್ಲ. ಗಂಡಸರನ್ನು ಬೈದು ನಾನು ಕೈ ತೊಳೆಯಲಾರೆ. ಆ ಹೊತ್ತು ಲಾಟೀನು ಹಿಡಿದು ನಿಂತವಳು ಒಬ್ಬ ಹೆಂಗಸು. ಮಾನವಂತ ಮನೆಯ ಸೊಸೆ. ಅವಳಿಗೆ ಅಕ್ಷರ ಬರುತ್ತಿತ್ತು, ಅವಳಿಗೆ ಹಗೇವಿನ ಗಾಳಿಯ ಸಂಗತಿ ಗೊತ್ತಿತ್ತು. ಅವಳು ಸುಮ್ಮನಿದ್ದಳು. ನಮಗೆ ಕಲಿಸಿದ ಮರ್ಯಾದೆ ಎಂದರೆ ಇದು: ಇನ್ನೊಬ್ಬಳು ಸಾಯುವಾಗ ಗಟ್ಟಿಯಾಗಿ ಮಾತಾಡದಿರುವುದು."

ಬಳೆ ತೊಡಿಸುವ ನೆಪದಲ್ಲಿ ಮಾಸೂಮಾ ಅದನ್ನು ಕೈಯಿಂದ ಕೈಗೆ ತೆಗೆದುಕೊಂಡಳು. ಓದಲು ಬಾರದವಳಾದರೂ ಶಿವಬಸವ್ವನ ಬೆರಳು ಮುಟ್ಟಿಯೇ ಸಂಗತಿ ಭಾರದ್ದೆಂದು ತಿಳಿದಳು.

"ಅರೆ, ಐಸ್ ಆಗ್ಯಾವ ಬೆರಳು! ಇದ್ರಾಗ ಏನ್ ಬರದೀರಿ ಅಕ್ಕಾ, ಬಾಂಬ್ ಏನು?"

"ಅಷ್ಟ ಅನ್ನು."

"ಹಂಗಾದ್ರ ಹಸಿರು ಬಳಿ ಕೆಳಗ ಇಡ್ತೇನಿ. ಕೆಂಪು ಎಲ್ಲರೂ ಎತ್ತಿ ನೋಡ್ತಾರ."

*

ಚೈತ್ರದಲ್ಲಿ ವೀರವ್ವನ ಮನೆಯಲ್ಲಿ ಶ್ಯಾವಿಗೆ. ಓಣಿಯ ಹೆಂಗಸರೆಲ್ಲ ಮುಯ್ಯಿಗೆ ಬರುವವರು, ಇವತ್ತು ಇವರ ಮನೆ, ನಾಳೆ ಅವರ ಮನೆ. ಮಣೆ ಹಾಕಿ ಹಿಟ್ಟು ಹೊಸೆಯುತ್ತ, ಎಳೆ ಎಳೆದು ಕೋಲಿಗೆ ಇಳಿಬಿಡುತ್ತ ಕೂತರೆ ಒಬ್ಬರು ಗಟ್ಟಿಯಾಗಿ ಓದಬೇಕು. ಗಂಡಸರು ಪುರಾಣ ಎಂದುಕೊಂಡು ಕಟ್ಟೆಗೆ ಎದ್ದು ಹೋಗುತ್ತಿದ್ದರು. ವೀರವ್ವ ಓದುತ್ತಿದ್ದದ್ದು ಆ ಮಾಸಪತ್ರಿಕೆಯನ್ನು. ಊರಿಗೆ ಬರುವುದು ಒಂದೇ ಪ್ರತಿ. ಹಾಗಾಗಿ ಒಳ್ಳೆಯ ಲೇಖನವನ್ನು ಕೈಯಿಂದ ನಕಲು ಮಾಡಿ, ಒಣಗಿದ ಶ್ಯಾವಿಗೆಯ ಬುಟ್ಟಿಯ ತಳಕ್ಕೆ ಹಾಸಿ, ಮೇಲೆ ಶ್ಯಾವಿಗೆ ಇಟ್ಟು ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಗೆಳತಿಯರಿಗೆ ಕಳಿಸುತ್ತಿದ್ದರು. ಬುಟ್ಟಿಯ ತಳವನ್ನು ಗಂಡಸರು ನೋಡುವುದಿಲ್ಲ.

ಶಿವಬಸವ್ವ ಅತ್ತೆಯ ಅಪ್ಪಣೆ ಪಡೆದು ಎರಡು ದಿನಕ್ಕೆ ಬಂದಿದ್ದಳು. ಮಗಳನ್ನು ಕಳಿಸಿರಲಿಲ್ಲ. "ಹಿಟ್ಟಿನಾಗ ಕೈ ಹಾಕ್ತೈತಿ, ಇಲ್ಲೇ ಇರ್ಲಿ," ಎಂದಿದ್ದಳು ಹೊನ್ನವ್ವ.

"ನೋಡ್ರೇ, ಆಕಿ ಶ್ಯಾವಿಗಿ ಆಕಿ ಗಂಡನ ಮೀಸಿಗಿಂತ ದಪ್ಪ," ಎಂದು ಬಡಿಗೇರ ಮನೆಯಾಕೆ ಮೂಲೆಮನೆಯ ಹೊಸ ಸೊಸೆಯನ್ನು ಕೆಣಕಿದಳು. ನಗು ಎದ್ದಿತು. ವೀರವ್ವ ಕನ್ನಡಕ ಏರಿಸಿ ಓದತೊಡಗಿದಾಗಲೂ ನಗು ಪೂರ್ತಿ ನಿಂತಿರಲಿಲ್ಲ. "ಆಕೆಯ ಹೆಸರು ಶಾರವ್ವ" ಎನ್ನುವಲ್ಲಿಗೆ ಬಂದಾಗ ಮಣೆಯ ಮೇಲಿನ ಕೈಗಳು ನಿಂತವು.

ಶಿವಬಸವ್ವ ಒಬ್ಬಳೇ ಹೊಸೆಯುತ್ತಿದ್ದಳು.

ಓದು ಮುಗಿಯಿತು. ಬಡಿಗೇರ ಮನೆಯಾಕೆ ಹೇಳಿದಳು: "ಆ ಲಾಟೀನದಾಕಿ ಒಬ್ಬಾಕಿ ಸಿಗಬೇಕು ನನಗ. ಜುಟ್ಟು ಹಿಡಿದು ಕೇಳ್ತಿದ್ದೆ."

"ಕೇಳಿದ್ರ ಏನಂತಿದ್ಲು?" ಎಂದಳು ವೀರವ್ವ. "ನೀ ಇದ್ರ ನಿಮ್ಮ ಮಾವಗ ಎದುರಾಡ್ತಿದ್ಯೇನ?"

ಆಕೆ ಹಿಟ್ಟು ಎತ್ತಿ ಮಣೆಗೆ ಬಡಿದಳು.

ಅಂದು ಲೇಖನದ ಆರು ನಕಲು ಬೇಕಾದವು. ಉಳಿದವರ ಕೈ ಹಿಟ್ಟು. ಅಕ್ಷರ ಚೆಂದ ಎಂದು ಎಲ್ಲರೂ ಶಿವಬಸವ್ವನನ್ನೇ ಕೂರಿಸಿದರು. ಬೇಡವೆನ್ನಲು ಕಾರಣ ಹೇಳಬೇಕಿತ್ತು. ತನ್ನ ಮಾತನ್ನು ತಾನೇ ಆರು ಸಲ ನಕಲು ಮಾಡಿದಳು. ಸಂಜೆಗೆ ಬುಟ್ಟಿಗಳು ತುಂಬಿದವು. ಕಾಗದ ಹಾಸಿದವಳು ಮೂಲೆಮನೆಯ ಸೊಸೆ. ಮುಯ್ಯಿಗೆ ಬಂದದ್ದು ಅದೇ ಮೊದಲು.

ಮೊದಲ ಬುಟ್ಟಿ ಹೆಣ್ಣುಮಗಳ ತವರಿಗೆ ಹೋಗಬೇಕು. ಇದು ಪದ್ಧತಿ, ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ವೀರವ್ವನ ತವರೆಂದರೆ ಕರಿಬಸಪ್ಪನ ಮನೆ. ಆ ಬುಟ್ಟಿಗೆ ಬರೀ ಬಾಳೆಯೆಲೆ ಹಾಸಬೇಕು. ಸಂಜೆಯ ಗಾಡಿಗೆ ಅದು ಹೊರಟು ಹೋಯಿತು.

ಮರುದಿನ ಬೆಳಿಗ್ಗೆ ಉಳಿದ ಬುಟ್ಟಿಗಳನ್ನು ಹೊರಗಿಡುವಾಗ ವೀರವ್ವ ಒಂದೊಂದರ ತಳ ಮುಟ್ಟಿ ನೋಡಿದಳು. ಐದರಲ್ಲಿ ಕಾಗದವಿತ್ತು. ಆರನೆಯದರಲ್ಲಿ ಬಾಳೆಯೆಲೆ.

"ತಂಗೀ, ನಿನ್ನೆ ಮೊದಲ ಬುಟ್ಟಿಗೆ ಏನ್ ಹಾಸಿದಿ?"

"ಕಾಗದಾರೀ. ಮೊದಲಿಂದ ಹಾಸ್ಕೋಂತ ಬಂದೆ. ಕಡೀದಕ್ಕ ಕಾಗದ ತೀರಿತ್ತು, ಎಲಿ ಹಾಕಿದೆ. ತಪ್ಪಾತೇನ್ರಿ?"

ಶಿವಬಸವ್ವ ಅಲ್ಲೇ ಗೋಡೆ ಹಿಡಿದು ಕುಳಿತಳು. ವೀರವ್ವ ಅವಳನ್ನು ಒಳಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದಳು.

"ನೀ ಹೋಗಬ್ಯಾಡ. ಇಲ್ಲೇ ಇರು, ಇಲ್ಲಾ ಸೀದಾ ಅಬಲೂರಿಗೆ ಹೋಗು. ನಮ್ಮಣ್ಣನ್ನ ನಾ ಬಲ್ಲೆ. ಕೂಗಾಡಿದ್ರ ಅಂಜಬಾರದು ಅವಗ. ಸುಮ್ಮನಿದ್ರ ಅಂಜಬೇಕು."

"ಕೂಸು ಅಲ್ಲೈತ್ರಿ."

ವೀರವ್ವ ಕನ್ನಡಕ ತೆಗೆದಳು. ಗಾಡಿ ಹೂಡಲು ಹೇಳಿ ಕಳಿಸಿದಳು.

*

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಬುಟ್ಟಿಯನ್ನು ತೊಳೆದು ಗೂಟಕ್ಕೆ ಹಾಕಿದ್ದರು. ಸಿದ್ದವ್ವ ಓಡಿ ಬಂದು ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿದಳು. ಹೊನ್ನವ್ವ ಎಂದಿನಂತೆ ನೀರು ಕೊಟ್ಟಳು.

"ಶ್ಯಾವಿಗಿ ಕೆಳಗ ಪತ್ರ ಇಟ್ಟಿದ್ದಿ ನೋಡು," ಎಂದಳು ಹೊನ್ನವ್ವ. "ನನಗ ಓದಾಕ ಬರೂದಿಲ್ಲ ಖರೆ, ನಿನ್ನ ಅಕ್ಷರ ಅಂತ ಗೊತ್ತಾತು. ಏನೋ ಜರೂರ ಸುದ್ದಿ ಇದ್ದೀತು ಅಂತ ಶಂಕ್ರಪ್ಪನ ಕೈಯಾಗ ಕೊಟ್ಟೆ. ಅಪ್ಪ ಮಗ ಬಾಗಲಾ ಹಾಕ್ಕೊಂಡು ಓದಿದ್ರು. ಏನ್ ಬರದಿದ್ದೆವ್ವಾ? ಯಾರಾದ್ರೂ ಸತ್ತಾರೇನು?"

ಶಿವಬಸವ್ವ ತಂಬಿಗೆ ಕೆಳಗಿಟ್ಟು ಮಗುವನ್ನು ಎತ್ತಿಕೊಂಡಳು. ಅತ್ತೆ ಮೋಸ ಮಾಡಿರಲಿಲ್ಲ. ಅದೇ ಇನ್ನಷ್ಟು ಭಯ ಹುಟ್ಟಿಸಿತು. ಬೈಯಲೂ ಯಾರಿಲ್ಲ.

ಕರಿಬಸಪ್ಪ ಕೂಗಾಡಲಿಲ್ಲ. ಊಟಕ್ಕೆ ಕೂತ. ಮೊದಲ ತುತ್ತು ನುಂಗಿ, "ಅಕ್ಷರ ಚೆಂದ ಅದಾವ," ಎಂದ. ಮತ್ತೊಂದು ರೊಟ್ಟಿ ನೀಡಲು ಬಗ್ಗಿದ ಸೊಸೆಯನ್ನು ನೋಡದೆಯೇ ಮಾತು ಮುಂದುವರಿಸಿದ. "ಧಾರವಾಡದಾಗ ಅಚ್ಚಾಗೈತಂತ. ಹುಡುಗಿ ಹೆಸರು ನೋಡಿ ಯಾರೋ ಪುಣ್ಯಾತ್ಮ ಮಾಮಲೇದಾರ ಕಚೇರಿಗೆ ಒಯ್ದು ಕೊಟ್ಟಾನ. ನಾಳಿ ಫೌಜದಾರ ಬರ್ತಾನ, ನಿನ್ನೆ ನಿರೋಪ ಬಂತು. ಬರದವರು ಯಾರಿರಬಹುದು ಅಂತ ನಾ ಊರೆಲ್ಲ ಯೋಚಿಸಿದೆ. ನೋಡು, ಬುಟ್ಟಿಯಾಗ ಕುಂತು ಮನೀಗೇ ಬಂತು."

ಅವಳ ಕೈಯಿಂದ ರೊಟ್ಟಿ ಜಾರಿ ತಾಟಿನ ಹೊರಗೆ ಬಿತ್ತು. ಅವನು ಅದನ್ನು ಎತ್ತಿ ಬದಿಗಿಟ್ಟ.

"ನಾಳಿ ಫೌಜದಾರನ ಎದುರಿಗೆ ಒಂದು ಕಾಗದಾ ಬರದು ಕೊಡು. ಬಾಣಂತನದಾಗ ಕೆಟ್ಟ ತಲಿ ನನಗ ಇನ್ನೂ ನೆಟ್ಟಗಾಗಿರ್ಲಿಲ್ಲ, ಕಟ್ಟುಕತಿ ಬರದೆ, ಹುಡುಗಿ ಕಸಾ ಹೊಡಿಯೋ ಮುಂದ ಮೂರ್ಛೆ ಬಂದು ಬಿದ್ಲು, ನಾನು ಕಣ್ಣಾರೆ ನೋಡೇನಿ ಅಂತ. ಅದ ಅಕ್ಷರ ಇರ್ಲಿ. ಬರದ್ರ ನೀ ಈ ಮನೀ ಸೊಸಿ. ಇಲ್ಲಾಂದ್ರ ಗಾಡಿ ಹೂಡ್ತೇನಿ. ಸಿದ್ದವ್ವ ನಮ್ಮವ್ವನ ಹೆಸರಿನ ಕೂಸು, ಇಲ್ಲೇ ಇರ್ತಾಳ."

ಅಡಿಗೆಮನೆಯ ಹಿಂದೆ ಶಂಕ್ರಪ್ಪ ಅವಳಿಗಾಗಿ ಕಾಯುತ್ತಿದ್ದ.

"ಹಗ್ಗ ಹಿಡಿದಾವ ನಾನು, ಶಿವೀ. ನಾ ಜೇಲಿಗೆ ಹೋಗ್ಲೇನು? ಒಂದು ಹಾಳಿ ಬರಿಯಾಕ ನಿನಗೇನ್ ಭಾರ? ಬರದು ಬರದು ಹಾಕಿದಾಕಿ."

"ನೀವು ಆಕಿನ್ನ ಮ್ಯಾಲ ತಂದಾಗ ಆಕಿ ಮುಷ್ಟಿ ನೋಡಿದ್ರೇನು?"

"ಅದನ್ನ ಎತ್ತಬ್ಯಾಡ."

"ಜ್ವಾಳ ಹಿಡಿದಿದ್ಲು. ಮಾವಾರು ಬೆರಳು ಬಿಡಿಸಿ ಇಸ್ಕೊಂಡ್ರು."

ಶಂಕ್ರಪ್ಪ ಕಿವಿ ಮುಚ್ಚಿಕೊಂಡು ಒಳಗೆ ಹೋದ.

ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಎದ್ದಳು. ಮಗಳಿಗೆ ಎಣ್ಣೆ ಹಚ್ಚಿ ಎರೆದಳು, ತಲೆ ಬಾಚಿದಳು, ಕಿವಿಯ ಹಿಂದೆ ಒರೆಸಿದಳು, ಮತ್ತೆ ಬಾಚಿದಳು. ಬರೆದುಬಿಡೋಣ ಎನಿಸಿತು. ಸತ್ತವಳು ಸತ್ತಳು, ಇದು ಬದುಕಿರುವ ಕೂಸು. ಹೀಗೆಂದುಕೊಂಡು ಬರೆಯುವ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿದಳು. ಬಹಳ ಸಲೀಸಾಗಿ ಜೋಡಣೆಯಾದವು. "ಕಣ್ಣಾರೆ ನೋಡಿದ್ದೇನೆ" ಎಂಬಲ್ಲಿಗೆ ಬಂದಾಗ, ಈ ಮಗಳು ನಾಳೆ ಓದಲು ಕಲಿತು ಇದೇ ಕಾಗದವನ್ನು ಎಲ್ಲಾದರೂ ಓದಿದರೆ ಎಂಬ ಯೋಚನೆ ಬಂತು. ಓದಲು ಕಲಿಸುವವರಾದರೂ ಯಾರು, ತಾನು ಇಲ್ಲದಿದ್ದರೆ? ಎರಡು ದಿಕ್ಕಿನಿಂದಲೂ ಹೆದರಿಕೆ ಬಂದು ಅವಳನ್ನು ನಡುವೆ ಹಿಡಿದಿತ್ತು.

ಫೌಜದಾರ ಹತ್ತು ಗಂಟೆಗೆ ಬಂದ. ಪಡಸಾಲೆಯ ಜಮಖಾನೆಯ ಮೇಲೆ ಕೂತು ಕೇಸರಿ ಹಾಲು ಕುಡಿದ. ಕರಿಬಸಪ್ಪ ಅವನಿಗೆ ದಿಂಬು ಸರಿಸಿದ, ಮಳೆಯ ಮಾತಾಡಿದ, ಯುದ್ಧದ ಮಾತಾಡಿದ. ಸಿದ್ದವ್ವ ಶಂಕ್ರಪ್ಪನ ತೊಡೆಯ ಮೇಲಿದ್ದಳು. ಅಂಗಳದಲ್ಲಿ ಎತ್ತಿಗೆ ನೊಗ ಹೂಡಿ ಗಾಡಿ ಸಜ್ಜಾಗಿ ನಿಂತಿತ್ತು. ಚೌಡವ್ವ ಹಿತ್ತಿಲಿನ ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು, ಗುಡಿಸುತ್ತಿರಲಿಲ್ಲ.

"ಸೊಸಿನ್ನ ಕರೀರಿ," ಎಂದ ಕರಿಬಸಪ್ಪ.

ಶಿವಬಸವ್ವ ಸೆರಗು ಹೊದ್ದು ಬಂದು ಚೌಕಟ್ಟಿಗೆ ಆತು ನಿಂತಳು. ಮುಂದೆ ಗೀಟು ಹಾಕಿದ ಹಾಳೆ, ದೌತಿ, ಟಾಕು.

"ಸಾಹೇಬ್ರ, ಈಕಿನ ಆ ಕತಿ ಬರದಾಕಿ," ಎಂದು ಕರಿಬಸಪ್ಪ ನಕ್ಕ. "ಬಾಣಂತನದಾಗಿಂದ ಸ್ವಲ್ಪ ಇದಾಗೈತ್ರಿ. ತಾನ ಬರದು ಕೊಡ್ತಾಳ. ಕುಂತ್ಕೊಳವಾ, ಬರಿ."

ಅವಳು ಕೂರಲಿಲ್ಲ.

ಫೌಜದಾರ ಮೀಸೆಯ ಹಾಲು ಒರೆಸಿಕೊಂಡ. "ಬೇಗ ಆಗಲಿ ತಾಯೀ. ನಾನು ಆಡೂರಿಗೆ ಹೋಗಬೇಕು."

"ಬರಿ," ಎಂದ ಕರಿಬಸಪ್ಪ. ದನಿ ಮೆತ್ತಗಿತ್ತು. ಅಂಗಳದಲ್ಲಿ ಎತ್ತು ತಲೆ ಕೊಡವಿ ಗೆಜ್ಜೆ ಸದ್ದಾಯಿತು. ಮಗು, "ಯವ್ವಾ, ನಾನೂ ಗಾಡ್ಯಾಗ," ಎಂದು ಅಪ್ಪನ ತೊಡೆಯಿಂದ ಜಾರಲು ನೋಡಿತು. ಶಂಕ್ರಪ್ಪ ಅದನ್ನು ಬಿಗಿಯಾಗಿ ಹಿಡಿದ.

ಶಿವಬಸವ್ವ ಮಗುವಿನ ಕಡೆ ನೋಡಿದಳು.

"ಬರಿಯೂದಿಲ್ರಿ ಮಾವಾರ."

"ಏನಂದಿ?"

"ಬರಿಯೂದಿಲ್ಲ ಅಂದೇರಿ. ಕೂಸಿನ್ನೂ ಬಿಡೂದಿಲ್ಲ."